ಎಸ್.ಆರ್. ಕಂಠಿ: ಎಲೆ ಬಿಚ್ಚಿಟ್ಟು ಎದ್ದುಹೋದ ಮುಖ್ಯಮಂತ್ರಿ

ಇಳಕಲ್, ಹುನಗುಂದದ ಕಡೆ ಬೆಳೆದ ನನ್ನಂಥವರಿಗೆ ಎಸ್.ಆರ್. ಕಂಠಿ ಅಂದರೆ ಒಂದು ಸಾಲಿನ ಮಾಹಿತಿ. ನಮ್ಮ ಕ್ಷೇತ್ರದವರು, ಸ್ವಲ್ಪ ದಿನ ಮುಖ್ಯಮಂತ್ರಿ ಆಗಿದ್ದರು, ಅಷ್ಟೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರು ಅದಕ್ಕೆ ದಿನಾಂಕ ಸೇರಿಸ್ತಾರೆ: 1962ರ ಮಾರ್ಚ್ 14ರಿಂದ ಜೂನ್ 20. ಎಣಿಸಿದರೆ 98 ದಿನ. ಅಲ್ಲಿಗೆ ಪುಟ ತಿರುಗುತ್ತದೆ.

ಆ 98ನೇ ದಿನ ಕಂಠಿಯವರು ಮಾಡಿದ್ದು ನನಗೆ ಅರ್ಥವಾಗಿದ್ದು ರಾಜಕೀಯದ ಪುಸ್ತಕಗಳಿಂದಲ್ಲ, ಇಸ್ಪೀಟಿನಿಂದ. ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆದರೆ ಕೈಯಲ್ಲಿದ್ದ ಎಲೆಗಳನ್ನು ಯಾವಾಗ, ಹೇಗೆ, ಯಾರ ಮುಂದೆ ಬಿಚ್ಚಿಡಬೇಕು ಅನ್ನೋದಕ್ಕೆ ಕರ್ನಾಟಕದ ರಾಜಕಾರಣದಲ್ಲಿ ಇವರಷ್ಟು ಸರಳ ಉದಾಹರಣೆ ಇನ್ನೊಂದು ನನಗೆ ಸಿಕ್ಕಿಲ್ಲ.

ಮೊದಲು ಆಟದ ಮಾತು. ಪಂಚಮಿ, ದೀಪಾವಳಿ ಬಂದರೆ ನಮ್ಮ ಕಡೆ ಎಲೆ ಹರಡೋದು ಹೊಸದಲ್ಲ. ತೀನ್ ಪತ್ತಿ ಆಡಿದವರಿಗೆ ಶೋ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ: ಕೊನೆಗೆ ಇಬ್ಬರೇ ಉಳಿದಾಗ ಒಬ್ಬ ದುಡ್ಡು ಕಟ್ಟಿ ಶೋ ಕೇಳ್ತಾನೆ, ಎಲೆ ಬಿಚ್ಚಬೇಕು. ಪೋಕರ್‌ನಲ್ಲಿ ಇದಕ್ಕೇ ಶೋಡೌನ್ ಅಂತಾರೆ, ಮತ್ತು ಅಲ್ಲಿ ಇದರ ಸುತ್ತ ಒಂದು ಸಣ್ಣ ಸಂವಿಧಾನವೇ ಇದೆ. ಕೊನೆಯ ಸುತ್ತಿನಲ್ಲಿ ಕೊನೆಯದಾಗಿ ಯಾರು ಪಣ ಏರಿಸಿದರೋ ಅವರೇ ಮೊದಲು ತೋರಿಸಬೇಕು. ಜಂಬ ಕೊಚ್ಚಿದವನದೇ ಮೊದಲ ಸರದಿ. ಬಾಯಲ್ಲಿ ಏನು ಹೇಳಿದೆ ಅನ್ನೋದು ಲೆಕ್ಕಕ್ಕಿಲ್ಲ. ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದ ಎಲೆಗಳು ಏನು ಹೇಳುತ್ತವೋ ಅದೇ ತೀರ್ಪು. ಗೆದ್ದೆ ಅನ್ನಬೇಕಾದರೆ ಒಂದು ಎಲೆ ತೋರಿಸಿ ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿಡುವ ಹಾಗಿಲ್ಲ, ಎರಡೂ ಕಾಣಬೇಕು. ತೋರಿಸಲು ಮನಸ್ಸಿಲ್ಲವೇ, ಮುಖ ಕೆಳಗೆ ಮಾಡಿ ತಳ್ಳಿಬಿಡು. ಮರ್ಯಾದೆ ಉಳಿಯುತ್ತದೆ, ಗಂಟು ಹೋಗುತ್ತದೆ. ಟೂರ್ನಮೆಂಟಿನಲ್ಲಿ ಒಬ್ಬ ತನ್ನದೆಲ್ಲವನ್ನೂ ಪಣಕ್ಕಿಟ್ಟು, ಇನ್ನು ಯಾರೂ ಏರಿಸುವುದಿಲ್ಲ ಅಂತಾದ ಕೂಡಲೇ ಎಲ್ಲರ ಎಲೆಗಳೂ ತೆರೆಯಬೇಕು, ತಡ ಮಾಡುವಂತಿಲ್ಲ.

ಇವು ನಿಯಮಗಳು. ಇದರ ಮೇಲೊಂದು ರೂಢಿಯ ಶಿಷ್ಟಾಚಾರ ಇದೆ. ಗೆಲ್ಲೋದು ತಾನೇ ಅಂತ ಗೊತ್ತಿದ್ದೂ ಎಲೆ ಬಿಚ್ಚಲು ಬೇಕಂತಲೇ ಎಳೆದಾಡುವುದು, ಎದುರಿನವನಿಗೆ ಒಂದು ಗಳಿಗೆ ಸುಳ್ಳು ಆಸೆ ಹುಟ್ಟಿಸುವುದು. ಇದಕ್ಕೆ ಸ್ಲೋ ರೋಲ್ ಅಂತ ಹೆಸರು. ಇದರಿಂದ ಆಟ ಕೆಡೋದಿಲ್ಲ, ಗೆಲುವೂ ತಪ್ಪುವುದಿಲ್ಲ. ಆದರೆ ಅಂಥವನ ಜೊತೆ ಮತ್ತೊಮ್ಮೆ ಕೂರೋಕೆ ಯಾರೂ ಇಷ್ಟಪಡೋದಿಲ್ಲ.

(ದುಡ್ಡಿಟ್ಟು ಆಡುವ ಮಾತು ಬಂತಲ್ಲ, ಒಂದು ಅಡ್ಡಮಾತು. ಜೂಜನ್ನು ಶಿಕ್ಷಿಸುವ, ಕೌಶಲದ ಆಟಗಳಿಗೆ ವಿನಾಯ್ತಿ ಕೊಡುವ ಕರ್ನಾಟಕ ಪೊಲೀಸ್ ಕಾಯ್ದೆ 1963ರದ್ದು. ಕಂಠಿಯವರು ಸಚಿವರಾಗಿದ್ದ ಸರ್ಕಾರದ ಕಾಲದ್ದು. ಪೋಕರ್ ಕೌಶಲವೋ ಅದೃಷ್ಟವೋ ಅನ್ನೋ ಜಗಳ ಹೈಕೋರ್ಟ್ ಹತ್ತಿತು, 2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಆನ್‌ಲೈನ್ ಪಣದಾಟ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಹಾಗಾಗಿ ಫೋನಿನಲ್ಲಿ ಆಡಿ ನೋಡಿ ಅಂತ ನಾನು ಹೇಳುತ್ತಿಲ್ಲ.)

ಈಗ ಕಂಠಿ.

ಪೂರ್ತಿ ಹೆಸರು ಶಿವಲಿಂಗಪ್ಪ ರುದ್ರಪ್ಪ ಕಂಠಿ. ಹುಟ್ಟಿದ್ದು 1908ರ ಡಿಸೆಂಬರ್ 21ರಂದು, ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ ಇವತ್ತೂ ಬಸ್ಸು ನಿಲ್ಲುವ ಊರು. ಆಗ ಅದು ಬ್ರಿಟಿಷರ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ. ಕಂಠಿಯವರು ತಮ್ಮ ಜೀವಮಾನವಿಡೀ ಬಿಜಾಪುರ ಜಿಲ್ಲೆಯವರೇ. ಕಾನೂನು ಓದಿದರು, ಕಾಂಗ್ರೆಸ್ ಸೇರಿದರು. ಆ ಕಾಲದ ಆ ಭಾಗದ ಓದಿದ ಯುವಕರ ಮಾಮೂಲಿ ದಾರಿ ಅದು.

ಅವರ ರಾಜಕೀಯ ಬದುಕಿನಲ್ಲಿ ನನಗೆ ಮುಖ್ಯ ಅನ್ನಿಸೋದು ಒಂದು ಸಂಗತಿ. ಆಟಗಾರ ಆಗೋ ಮೊದಲು ಅವರು ಎಲೆ ಹಂಚುವವರ ಕುರ್ಚಿಯಲ್ಲಿ ಕೂತಿದ್ದರು, ಅದೂ ಹತ್ತು ವರ್ಷ. 1952ರಲ್ಲಿ ಹುನಗುಂದದಿಂದ ಮುಂಬಯಿ ವಿಧಾನಸಭೆಗೆ ಗೆದ್ದು ಅಲ್ಲಿ ಉಪಸಭಾಧ್ಯಕ್ಷರಾದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದವು. ಹೊಸ ರಾಜ್ಯದ ವಿಧಾನಸಭೆಗೆ ಅದೇ ಡಿಸೆಂಬರ್ 19ರಿಂದ ಸಭಾಧ್ಯಕ್ಷರು ಇದೇ ಕಂಠಿ. ಬೇರೆ ಬೇರೆ ಆಡಳಿತಗಳಿಂದ ಬಂದ ಶಾಸಕರು, ಬೇರೆ ಬೇರೆ ಸದನಗಳ ರೂಢಿಗಳು, ಒಂದೇ ಭಾಷೆಯೊಳಗಿನ ಹತ್ತು ಕನ್ನಡಗಳು. ಮೈಸೂರಿನವರಿಗೆ ನಮ್ಮ ಕಡೆಯ ಮಾತು ಜಗಳದ ಹಾಗೆ ಕೇಳುತ್ತಿದ್ದ ಕಾಲ. ಆ ಸದನವನ್ನು 1962ರ ಮಾರ್ಚ್ 9ರವರೆಗೆ ಅವರು ನಡೆಸಿದರು.

ಪೋಕರ್ ಮೇಜಿನಲ್ಲಿ ಎಲೆ ಹಂಚುವವನಿಗೆ ಒಂದು ಕಟ್ಟುಪಾಡು ಉಂಟು. ಸರಿಯಾಗಿ ಬಿಚ್ಚಿಟ್ಟ ಗೆಲ್ಲುವ ಎಲೆಗಳನ್ನು ಅವನು ಕಲೆಸಿಹಾಕುವಂತಿಲ್ಲ. ಯಾರ ಪರ ಮನಸ್ಸಿದ್ದರೂ ಸರಿ, ಕಂಡದ್ದನ್ನು ಕಂಡ ಹಾಗೆ ಓದಬೇಕು. ಸಭಾಧ್ಯಕ್ಷರ ಕೆಲಸವೂ ಅದೇ, ಕಾಗದದ ಮೇಲೆ.

1962ರ ಚುನಾವಣೆಗೆ ಬರೋಣ. 208 ಸ್ಥಾನಗಳಲ್ಲಿ ಕಾಂಗ್ರೆಸ್ 138 ಗೆದ್ದಿತು. ನಿರಾಳ ಬಹುಮತ. ಆದರೆ ಆ ಗೆಲುವಿನ ನಾಯಕ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಅವರ ಎದುರು ಸೋತುಬಿಟ್ಟರು. ಗಂಟು ಗೆದ್ದ ಪಕ್ಷ, ಸೋತ ನಾಯಕ.

ಕಾನೂನು ನೋಡಿದರೆ ಇದೇನೂ ತೊಡಕಿನ ವಿಷಯವಲ್ಲ. ಸಂವಿಧಾನದ 164(4)ನೇ ವಿಧಿ ಪ್ರಕಾರ ಶಾಸಕರಲ್ಲದವರೂ ಆರು ತಿಂಗಳ ಮಟ್ಟಿಗೆ ಮಂತ್ರಿ ಆಗಬಹುದು, ಮುಖ್ಯಮಂತ್ರಿಯೂ ಆಗಬಹುದು. ಹತ್ತು ವರ್ಷ ಹಿಂದೆ ಮುಂಬಯಿಯಲ್ಲಿ ಹಾಗೇ ಆಗಿತ್ತು. ಮೊರಾರ್ಜಿ ದೇಸಾಯಿ 1952ರಲ್ಲಿ 19 ಮತಗಳಿಂದ ಸೋತರು, ಆದರೂ ಮುಖ್ಯಮಂತ್ರಿಯಾದರು, ಆಮೇಲೆ ಉಪಚುನಾವಣೆ ಗೆದ್ದರು. ಆ ಸದನದ ಉಪಸಭಾಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಕಂಠಿಯೇ. ನಮ್ಮ ಕಾಲದಲ್ಲಿ 2021ರಲ್ಲಿ ಮಮತಾ ಬ್ಯಾನರ್ಜಿ ನಂದಿಗ್ರಾಮದಲ್ಲಿ ಸೋತೂ ಪ್ರಮಾಣವಚನ ತಗೊಂಡರು. 2022ರಲ್ಲಿ ಉತ್ತರಾಖಂಡದ ಪುಷ್ಕರ್ ಸಿಂಗ್ ಧಾಮಿ ಕೂಡ.

1962ರ ಮೈಸೂರಿನಲ್ಲಿ ಹಾಗೆ ಆಗಲಿಲ್ಲ. ಹೊಸದುರ್ಗದ ಎಲೆಗಳು ಏನು ಹೇಳಿದ್ದವೋ ಅದನ್ನು ಅಷ್ಟರ ಮಟ್ಟಿಗೆ ಒಪ್ಪಿಕೊಂಡರು. ಮಾರ್ಚ್ 14ರಂದು ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯಲ್ಲಿ ಅದೇ ತಾನೇ ಗೆದ್ದಿದ್ದ ಬಿ.ಟಿ. ಮುರನಾಳ ತಮ್ಮ ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪ ಚಿತ್ರದುರ್ಗದ ಕಡೆಯಿಂದ ಬಾಗಲಕೋಟೆಗೆ ಬಂದು ಉಪಚುನಾವಣೆ ಗೆದ್ದರು. ಜೂನ್ 20ಕ್ಕೆ ಕಂಠಿ ಕುರ್ಚಿ ಬಿಟ್ಟರು, 21ಕ್ಕೆ ನಿಜಲಿಂಗಪ್ಪ ಕೂತರು.

ದಕ್ಷಿಣದ ದೊಡ್ಡ ನಾಯಕರೊಬ್ಬರು ಸೋತು ನಮ್ಮ ಜಿಲ್ಲೆಗೆ ಬರೋದು ಅದೇ ಕೊನೆಯೇನಲ್ಲ. 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಅವರು ಎರಡೂ ಕಡೆ ಒಟ್ಟಿಗೇ ನಿಂತಿದ್ದರು ಅನ್ನೋದು ಬೇರೆ. ನಮ್ಮ ಬಿಸಿಲಿಗೆ ಸೋತವರನ್ನು ಗೆಲ್ಲಿಸುವ ಗುಣ ಇರಬೇಕು.

ಕಂಠಿಯವರ ಈ ನಿರ್ಗಮನಕ್ಕೆ ನಮ್ಮಲ್ಲಿ ಒಂದು ಸಿದ್ಧ ಹೋಲಿಕೆ ಇದೆ. ಭರತ, ಪಾದುಕೆ, ಸಿಂಹಾಸನ. ನನಗೆ ಆ ಹೋಲಿಕೆ ಹಿಡಿಸೋದಿಲ್ಲ. ಪಾದುಕೆ ಇಟ್ಟು ಆಳುವುದು ರಾಜಮನೆತನದ ಮಾತು, ಅಲ್ಲಿ ರಾಜ್ಯ ಅಣ್ಣನ ಸ್ವತ್ತು. ಪ್ರಜಾಪ್ರಭುತ್ವದಲ್ಲಿ ಯಾರ ಸ್ವತ್ತೂ ಇಲ್ಲ, ಇರೋದು ಸರದಿ. ಕಂಠಿಯವರ ಕೈಯಲ್ಲಿ ನಿಜವಾದ ಎಲೆಗಳಿದ್ದವು ಅನ್ನೋದನ್ನು ಭರತನ ಕಥೆ ಮುಚ್ಚಿಹಾಕುತ್ತದೆ. ಅವರು ಶಾಸಕಾಂಗದ ಒಳಹೊರಗನ್ನು ಬೇರೆಲ್ಲರಿಗಿಂತ ಚೆನ್ನಾಗಿ ಬಲ್ಲವರು. ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಮಂತ್ರಿಗಿರಿ ಇತ್ತು, ವರ್ಗಾವಣೆ ಇತ್ತು, ಉಪಚುನಾವಣೆಗೆ ನಿಂತವರ ದಾರಿಯಲ್ಲಿ ಸದ್ದಿಲ್ಲದೆ ಕಲ್ಲು ಇಡುವ ಅವಕಾಶವೂ ಇತ್ತು. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ; 1962ರಲ್ಲಿ 30–40 ಶಾಸಕರನ್ನು ಕಟ್ಟಿಕೊಂಡು ಬೇರೆ ಗುಂಪು ಮಾಡಲು ಕಾನೂನಿನ ಯಾವ ತಡೆಯೂ ಇರಲಿಲ್ಲ. ಮೂರು ತಿಂಗಳಲ್ಲಿ ಕುರ್ಚಿಯ ರುಚಿ ಹತ್ತೋದಿಲ್ಲ ಅನ್ನುವವರು ಜಿತನ್ ರಾಮ್ ಮಾಂಝಿ ಅವರನ್ನು ನೆನಪಿಸಿಕೊಳ್ಳಬೇಕು. 2014ರ ಮೇಯಲ್ಲಿ ನಿತೀಶ್ ಕುಮಾರ್ ಕೂರಿಸಿದ್ದು, 2015ರ ಫೆಬ್ರವರಿಯಲ್ಲಿ ಏಳು ಅಂದಾಗ ಏಳಲಿಲ್ಲ, ಕೊನೆಗೆ ವಿಶ್ವಾಸಮತದ ದಿನವೇ ರಾಜೀನಾಮೆ. ಜಾರ್ಖಂಡ್‌ನ ಚಂಪೈ ಸೊರೇನ್ 2024ರ ಜುಲೈನಲ್ಲಿ ಹೇಮಂತ್ ಸೊರೇನ್‌ಗೆ ಜಾಗ ಬಿಟ್ಟರು, ಆಗಸ್ಟ್‌ನಲ್ಲಿ ಪಕ್ಷವನ್ನೇ ಬಿಟ್ಟರು.

ನಮ್ಮ ರಾಜ್ಯದಲ್ಲೇ ನೋಡಿ. 2006ರಲ್ಲಿ ಜೆಡಿಎಸ್–ಬಿಜೆಪಿ ತಲಾ 20 ತಿಂಗಳು ಅಂತ ಮಾತಾಡಿಕೊಂಡವು. ಮೊದಲ 20 ತಿಂಗಳು ಮುಗಿದಾಗ 2007ರ ಅಕ್ಟೋಬರ್‌ನಲ್ಲಿ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತು. ಆಟ ಮುಗಿದಿತ್ತು, ಎಲೆ ಬಿಚ್ಚಲಿಲ್ಲ. 2018ರ ಮೇ 17ರಂದು ಯಡಿಯೂರಪ್ಪ ಬಹುಮತ ಇದೆ ಅಂತ ಪ್ರಮಾಣವಚನ ತಗೊಂಡರು. 19ರ ಸಂಜೆ 4ಕ್ಕೆ ತೋರಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅವರು ಭಾಷಣ ಮಾಡಿ, ಎಲೆಗಳನ್ನು ಮುಖ ಕೆಳಗೆ ಮಾಡಿ ತಳ್ಳಿ ಎದ್ದರು. ನಿಯಮದ ಪ್ರಕಾರ ಅದು ತಪ್ಪಲ್ಲ. 2019ರ ಜುಲೈ 18ರಂದು ಕುಮಾರಸ್ವಾಮಿ ವಿಶ್ವಾಸಮತ ಕೇಳಿದರು. ಮತಕ್ಕೆ ಹಾಕಿದ್ದು 23ಕ್ಕೆ. 99–105. ಅದು ಸ್ಲೋ ರೋಲ್ ಕೂಡ ಅಲ್ಲ. ಸ್ಲೋ ರೋಲ್ ಮಾಡುವವನ ಕೈಯಲ್ಲಿ ಕನಿಷ್ಠ ಗೆಲ್ಲುವ ಎಲೆ ಇರುತ್ತದೆ. ಇನ್ನು 2023ರ ಮೇಯಿಂದ ಶುರುವಾದ ಅಧಿಕಾರ ಹಂಚಿಕೆ ಒಪ್ಪಂದ ಇದೆಯೋ ಇಲ್ಲವೋ ಅನ್ನುವ ಚರ್ಚೆಯನ್ನು ನೀವೇ ನೋಡಿದ್ದೀರಿ. ಎರಡು ಎಲೆಯಲ್ಲಿ ಒಂದನ್ನೂ ನಮಗೆ ತೋರಿಸದೆ ಆಟ ಹೇಗಿದೆ ಅಂತ ನಮ್ಮನ್ನೇ ಕೇಳ್ತಾರೆ.

ಶೋಡೌನ್ ಮೇಜಿನ ಮೇಲೇ ಆಗಬೇಕು ಅನ್ನೋದನ್ನು ದೇಶಕ್ಕೆ ಕಾನೂನಾಗಿ ಕಲಿಸಿದ್ದೂ ನಮ್ಮ ಉತ್ತರ ಕರ್ನಾಟಕದವರೇ, ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ 19 ಶಾಸಕರ ಪತ್ರ ನಂಬಿ ರಾಜ್ಯಪಾಲರು ಸರ್ಕಾರಕ್ಕೆ ಬಹುಮತವಿಲ್ಲ ಅಂತ ವರದಿ ಕಳಿಸಿದರು. ಅವರಲ್ಲಿ ಏಳು ಜನ ಮರುದಿನವೇ ತಿರುಗಿದರು, ಸದನದಲ್ಲಿ ತೋರಿಸ್ತೀನಿ ಅಂತ ಬೊಮ್ಮಾಯಿ ಕೇಳಿಕೊಂಡರು, ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು ಅಂತ ತೀರ್ಮಾನಿಸಿತು. ಎಲೆಗಳೇ ಮಾತಾಡಬೇಕು, ಮೇಜಿನ ಆಚೆ ನಿಂತವರ ಅಂದಾಜು ಸಾಲದು.

ಇಷ್ಟು ಹೊಗಳಿದ ಮೇಲೆ ಕಂಠಿಯವರ ಮುಂದೆಯೂ ಎರಡು ಪ್ರಶ್ನೆ ಇಡಬೇಕು. ಇಡದಿದ್ದರೆ ಇದು ಜಯಂತಿ ಭಾಷಣ ಆಗಿಬಿಡುತ್ತದೆ.

ಒಂದು, ಮಾರ್ಚ್ 9ರವರೆಗೆ ಎಲೆ ಹಂಚುತ್ತಿದ್ದವರು 14ಕ್ಕೆ ಆಟಕ್ಕೆ ಕೂತರು. ಐದೇ ದಿನ. ನಡುವೆ ಚುನಾವಣೆ ಆಗಿತ್ತು, ಹೊಸ ಸದನ ಬಂದಿತ್ತು, ಎಲ್ಲ ನಿಜ. ಆದರೂ ಸಭಾಧ್ಯಕ್ಷರ ಪೀಠದಿಂದ ಆಳುವ ಪಕ್ಷದ ನಾಯಕತ್ವಕ್ಕೆ ಇಷ್ಟು ಸಲೀಸಾಗಿ ಇಳಿಯಬಹುದು ಅಂತಾದರೆ, ಆ ಪೀಠದಲ್ಲಿ ಮುಂದೆ ಕೂರುವವರ ಕಣ್ಣು ಎಲ್ಲಿರುತ್ತದೆ? ಇವತ್ತು ಅನರ್ಹತೆಯ ಅರ್ಜಿಗಳ ಮುಂದೆ ಸಭಾಧ್ಯಕ್ಷರು ನಡೆದುಕೊಳ್ಳುವ ರೀತಿ ನೋಡಿದವರಿಗೆ ಇದು ಹಳೇ ಪ್ರಶ್ನೆ ಅನ್ನಿಸೋದಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಪೋಕರ್‌ನಲ್ಲಿ ಒಂದು ಕೈಗೆ ಒಬ್ಬನೇ ಆಟಗಾರ. ಹಿಂದೆ ನಿಂತು ಇನ್ನೊಬ್ಬ ಆಡಿಸುವ ಹಾಗಿಲ್ಲ. 1962ರಲ್ಲಿ ಎಲೆ ಕಂಠಿಯವರ ಬೆರಳಲ್ಲಿತ್ತು, ಆಟ ನಿಜಲಿಂಗಪ್ಪನವರದು. ಹಾಗಾದರೆ ಆ 98 ದಿನ ರಾಜ್ಯದ ಮುಖ್ಯಮಂತ್ರಿ ಯಾರು? ಹೊಸದುರ್ಗದ ಮತದಾರರ ಮಾತಿಗೆ ಬೆಲೆ ಕೊಟ್ಟ ಹಾಗೂ ಆಯಿತು, ಮೂರು ತಿಂಗಳ ಮೇಲೆ ಅದನ್ನು ದಾಟಿಹೋದ ಹಾಗೂ ಆಯಿತು. ಸೀಟು ಬಿಟ್ಟುಕೊಟ್ಟ ಮುರನಾಳರಿಗೆ ವೋಟು ಹಾಕಿದ್ದ ಬಾಗಲಕೋಟೆಯವರನ್ನಂತೂ ಎರಡೇ ಸಲ ಕೇಳಲಾಯಿತು, ಎರಡು ಬೇರೆ ಬೇರೆ ಹೆಸರಿಗೆ.

ಆ ಮೇಜಿನ ಸುತ್ತ ಯಾರಿದ್ದರು ಅನ್ನೋದನ್ನೂ ನೋಡಬೇಕು. ಏಕೀಕರಣದ ಮೇಲೆ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪ, ಜಮಖಂಡಿಯ ಬಿ.ಡಿ. ಜತ್ತಿ, ಕಂಠಿ, ಮತ್ತೆ ನಿಜಲಿಂಗಪ್ಪ, ಆಮೇಲೆ ವೀರೇಂದ್ರ ಪಾಟೀಲ. ಎಲ್ಲರೂ ಕಾಂಗ್ರೆಸ್ಸಿನವರು, ಎಲ್ಲರೂ ಲಿಂಗಾಯತರು. 1972ರಲ್ಲಿ ದೇವರಾಜ ಅರಸು ಬರುವವರೆಗೆ ಆ ಮೇಜಿಗೆ ಹೊರಗಿನವರು ಕೂರಲಿಲ್ಲ. ಒಂದೇ ಮನೆಯವರು ಆಡುವಾಗ ಶಿಷ್ಟಾಚಾರ ಪಾಲಿಸೋದು ಸುಲಭ. ಗಂಟು ಯಾರು ಗೆದ್ದರೂ ಅದು ಹೊರಗೆ ಹೋಗುವುದಿಲ್ಲ ಅನ್ನುವ ಧೈರ್ಯ ಇರುತ್ತದೆ. ದಲಿತರು, ಹಿಂದುಳಿದವರು, ಮುಸ್ಲಿಮರು ನಿಂತು ನೋಡುತ್ತಿದ್ದ ಆಟ ಅದು. ಕಂಠಿಯವರ ಸಜ್ಜನಿಕೆಯನ್ನು ಇದರಿಂದ ಅಳಿಸಲಾಗದು. ಆದರೆ ಆ ಸಜ್ಜನಿಕೆ ಯಾರ ನಡುವೆ ಸಾಧ್ಯವಾಯಿತು ಅನ್ನೋದನ್ನು ಬಿಟ್ಟು ಅವರ ಕಥೆ ಹೇಳೋದೂ ಸರಿಯಲ್ಲ. ಹಾಗಂತ ಮೇಜು ಹಿರಿದಾದ ಮೇಲೆ ನಿಯಮ ಬೇಡ ಅಂತಲ್ಲ. ಹೊಸದಾಗಿ ಕೂತವರಿಗೇ ನಿಯಮ ಹೆಚ್ಚು ಬೇಕು; ಹಳಬರಿಗೆ ಕಣ್ಸನ್ನೆ ಸಾಕಾಗುತ್ತದೆ.

ಕುರ್ಚಿ ಬಿಟ್ಟ ಕಂಠಿ ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲೇ ಶಿಕ್ಷಣ ಸಚಿವರಾಗಿ ಕೂತರು. ನಿನ್ನೆ ತಾವು ಅಧ್ಯಕ್ಷತೆ ವಹಿಸಿದ ಸಂಪುಟ ಸಭೆಯಲ್ಲಿ ಇವತ್ತು ಪಕ್ಕದ ಕುರ್ಚಿ. ಇದು ರಾಜೀನಾಮೆ ಕೊಡೋದಕ್ಕಿಂತ ಕಷ್ಟ ಅಂತ ನನ್ನ ಅಂದಾಜು. 1963ರಲ್ಲಿ ಬಿಜಾಪುರಕ್ಕೆ ಸೈನಿಕ ಶಾಲೆ ಬಂತು. ಅದನ್ನು ತಂದವರು ಅಂತ ಇವತ್ತಿಗೂ ಹೇಳೋದು ಕಂಠಿಯವರ ಹೆಸರನ್ನೇ. 98 ದಿನದ ಮುಖ್ಯಮಂತ್ರಿಗಿಂತ ಆ ಶಿಕ್ಷಣ ಸಚಿವರು ಹೆಚ್ಚು ಕೆಲಸ ಮಾಡಿದರು. ಬರ, ಗುಳೆ ಬಿಟ್ಟು ಬೇರೆ ಯಾವ ಸುದ್ದಿಗೂ ಬೆಂಗಳೂರಿಗೆ ನೆನಪಾಗದ ಜಿಲ್ಲೆಗೆ ಆ ಶಾಲೆ ಸಣ್ಣದೇನಲ್ಲ.

ನಿಜಲಿಂಗಪ್ಪ 1968ರವರೆಗೆ ಮುಖ್ಯಮಂತ್ರಿಯಾಗಿದ್ದು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದರು. 1969ರಲ್ಲಿ ಅವರಿಗೂ ಇಂದಿರಾ ಗಾಂಧಿಯವರಿಗೂ ನಡೆದದ್ದು ಈ ದೇಶದ ದೊಡ್ಡ ಶೋಡೌನ್. ಪಕ್ಷದ ರಾಷ್ಟ್ರಪತಿ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಆತ್ಮಸಾಕ್ಷಿಯ ಮತದ ಹೆಸರಲ್ಲಿ ಗೆದ್ದವರು ವಿ.ವಿ. ಗಿರಿ. ನವೆಂಬರ್ 12ರಂದು ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಆಮೇಲೆ ಎಲೆ ಎಣಿಸಿದರೆ ಹೆಚ್ಚಿನ ಸಂಸದರು ಇಂದಿರಾ ಕಡೆ ಇದ್ದರು. ಆ ಡಿಸೆಂಬರಿನಲ್ಲಿ ಎರಡು ಕಾಂಗ್ರೆಸ್ಸುಗಳು ಎರಡು ಅಧಿವೇಶನ ನಡೆಸಿದವು, ಒಂದು ಅಹಮದಾಬಾದಿನ ಹತ್ತಿರ, ಇನ್ನೊಂದು ಮುಂಬಯಿಯಲ್ಲಿ.

ಅದೇ ತಿಂಗಳ 25ರಂದು ಕಂಠಿ ತೀರಿಕೊಂಡರು. ಅವರಿಗೆ 61 ತುಂಬಿ ನಾಲ್ಕು ದಿನವಾಗಿತ್ತು.